ನೀರುಗಂಟಿಯ ಕೀಲಿ, ಐಸಿನ ಬಿರಡೆ

ಪ್ಲಂಬಿಂಗ್ ಸಾಮಾನಿನ ಕ್ಯಾಟಲಾಗುಗಳಲ್ಲಿ, ಫಿಟ್ಟರ್ ಹುಡುಗರು ಮೊಬೈಲಿನಲ್ಲಿ ನೋಡುವ ವಿಡಿಯೋಗಳಲ್ಲಿ ಈಗ ಒಂದು ಯಂತ್ರ ಕಾಣಿಸುತ್ತಿದೆ. ಸೂಟ್‌ಕೇಸಿನಷ್ಟು ಪೆಟ್ಟಿಗೆ, ಅದರಿಂದ ಹೊರಟ ಎರಡು ದಪ್ಪ ಮೆದುಕೊಳವೆ, ಎರಡರ ತುದಿಯಲ್ಲೂ ಪೈಪನ್ನು ಅಪ್ಪಿ ಹಿಡಿಯುವ ಒಂದೊಂದು ಲೋಹದ ಹಿಡಿ. ಸ್ವಿಚ್ ಒತ್ತಿದ ಮೇಲೆ ಹಿಡಿಯ ಮೇಲೆ ಮೊದಲು ಹನಿ ಕೂರುತ್ತದೆ, ಆಮೇಲೆ ಹನಿ ಬೆಳ್ಳಗಾಗಿ ಉಪ್ಪು ಸವರಿದ ಹಾಗೆ ಕಾಣುತ್ತದೆ. ಒಳಗಿನ ನೀರು ಪೈಪಿನ ಗೋಡೆಯಿಂದ ನಡುವಿನ ಕಡೆಗೆ ಗಟ್ಟಿಯಾಗುತ್ತ ಹೋಗಿ ಕೊನೆಗೆ ಅಲ್ಲೊಂದು ಐಸಿನ ಬಿರಡೆ ನಿಲ್ಲುತ್ತದೆ. ಅದರಾಚೆ ಪೈಪ್ ಕೊಯ್ದರೂ ನೀರು ಬರುವುದಿಲ್ಲ. ಟ್ಯಾಂಕ್ ಖಾಲಿ ಮಾಡಬೇಕಿಲ್ಲ, ಮೇಲಿನ ಮನೆಯವರ ನೀರು ಕಟ್ ಮಾಡಬೇಕಿಲ್ಲ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿದರೆ ಬಿರಡೆ ತಾನೇ ಕರಗಿ ನೀರಿನೊಂದಿಗೆ ಹೋಗುತ್ತದೆ. ಜರ್ಮನಿಯ ರೋಥೆನ್‌ಬರ್ಗರ್, ರೆಮ್ಸ್, ಅಮೆರಿಕದ ರಿಡ್ಜಿಡ್ ಇಂಥ ಯಂತ್ರ ಮಾಡುವವರಲ್ಲಿ ಹೆಸರಾದವರು. ಚಳಿಗಾಲ ಬಂತೆಂದರೆ ಪೈಪ್ ಹೆಪ್ಪುಗಟ್ಟಿ ಒಡೆಯುತ್ತದೆಂದು ಹೆದರುವ ದೇಶಗಳವರು ಆ ಕೇಡನ್ನೇ ಹಿಡಿದು ತಂದು ದುಡಿಮೆಗೆ ಹಚ್ಚಿದ್ದಾರೆ. ಪೈಪಿನಲ್ಲಿ ನೀರು ತಾನಾಗಿ ಹೆಪ್ಪುಗಟ್ಟಿದ್ದನ್ನು ಕಾಣದ ನಮ್ಮ ಸೀಮೆಗೆ ಈ ಯಂತ್ರ ಬೇಕೇ, ಬೇಕಾದರೆ ಎಂಥದು ಬೇಕು, ತಂದ ಮೇಲೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಯೋಚಿಸಬೇಕಾದ ವಿಷಯ. ಆದರೆ ಆ ಯೋಚನೆ ಶುರುವಾಗುವುದು ಯಂತ್ರದಿಂದಲ್ಲ, ನೆನಪಿನಿಂದ.

ನೀರು ನಿಲ್ಲಿಸುವುದು ಎಂದೊಡನೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನನ್ನ ವಯಸ್ಸಿನವರ ಕಣ್ಣೆದುರು ಬರುವುದು ಒಬ್ಬ ಮನುಷ್ಯ. ಕೆರೆಯ ಕಾಲದಲ್ಲಿ ತೂಬು ಎತ್ತಿ ಇಳಿಸಿ, ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸಿ, ಸುಗ್ಗಿಯಲ್ಲಿ ತನ್ನ ಪಾಲಿನ ಕಾಳು ಪಡೆಯುತ್ತಿದ್ದ ನೀರುಗಂಟಿ. ಊರಿಗೆ ನಲ್ಲಿ ಬಂದ ಮೇಲೆ ಅದೇ ಹೆಸರು ಪುರಸಭೆಯ, ಪಂಚಾಯ್ತಿಯ ನೌಕರನಿಗೆ ಅಂಟಿಕೊಂಡಿತು. ಅವನ ಹೆಗಲ ಮೇಲೆ ಮನುಷ್ಯನೆತ್ತರದ ಒಂದು ಕಬ್ಬಿಣದ ಕೀಲಿ, ಮೇಲುಗಡೆ ಅಡ್ಡಪಟ್ಟಿ, ಕೆಳಗೆ ಚೌಕನೆಯ ಬಾಯಿ. ಬೀದಿಯ ತಿರುವಿನಲ್ಲಿ ಗುಂಡಿಯ ಮುಚ್ಚಳ ಸರಿಸಿ, ಕೀಲಿಯನ್ನು ಒಳಗಿಳಿಸಿ, ಗೇಟ್‌ವಾಲ್ವಿನ ತಲೆ ಸಿಕ್ಕಿತೆಂದು ಕೈಗೆ ತಿಳಿಯುವವರೆಗೆ ಒಂದಿಷ್ಟು ಅಲ್ಲಾಡಿಸಿ, ಆಮೇಲೆ ಎರಡೂ ಕೈಯಿಂದ ಸುತ್ತು ಎಣಿಸುತ್ತ ತಿರುಗಿಸುತ್ತಿದ್ದ. ಎಷ್ಟು ಸುತ್ತಿಗೆ ಯಾವ ಕೇರಿಗೆ ನೀರು ಹತ್ತುತ್ತದೆ ಎಂಬುದು ಅವನಿಗೆ ಬಾಯಿಪಾಠ. ಬೀದಿ ನಲ್ಲಿಯಲ್ಲಿ ಮೊದಲು ಬುಸ್ಸೆಂದು ಗಾಳಿ, ಆಮೇಲೆ ತುಕ್ಕಿನ ಕೆಂಪು ನೀರು, ಆಮೇಲೆ ಒಳ್ಳೆ ನೀರು. ಸಾಲು ಕೊಡಗಳ ನಡುವೆ ಯಾರೋ ಕೂಗುತ್ತಿದ್ದುದು ಒಂದೇ ಮಾತು: ‘ನೀರ್ ಬುಟ್ರಾ?’ ಆ ಮನುಷ್ಯನ ಹೆಸರು ಬಹುಪಾಲು ಜನಕ್ಕೆ ತಿಳಿದಿರಲಿಲ್ಲ. ಅವನು ನೀರು ಬುಡೋನು, ಅಷ್ಟೆ.

ಅವನ ಜೊತೆಗೇ ನೆನಪಾಗುವವನು ಫಿಟ್ಟರ್. ಜಿಐ, ಅಂದರೆ ಸತುವು ಬಳಿದ ಕಬ್ಬಿಣದ ಪೈಪನ್ನು ಹ್ಯಾಕ್ಸಾದಲ್ಲಿ ಕೊಯ್ದು, ಎಣ್ಣೆ ಬಿಡುತ್ತ ಡೈಯಲ್ಲಿ ಮರೆ ಕಡಿದು, ಮರೆಯ ಮೇಲೆ ಸೆಣಬಿನ ನಾರನ್ನು ಹೆಣ್ಣುಮಕ್ಕಳು ದೀಪದ ಬತ್ತಿ ಹೊಸೆದಷ್ಟು ನಾಜೂಕಾಗಿ ಸುತ್ತಿ, ಬಿಳಿ ಪೇಸ್ಟ್ ಸವರಿ, ಪಾನಾದಲ್ಲಿ ಬಿಗಿಯುತ್ತಿದ್ದ. ಆ ಜಾಯಿಂಟು ಮೂವತ್ತು ನಲವತ್ತು ವರ್ಷ ಸೋರದೆ ನಿಂತದ್ದುಂಟು. ಇದನ್ನು ನೆನೆದು ಮನಸ್ಸು ತುಂಬುತ್ತದೆ ನಿಜ. ಆದರೆ ನೆನಪಿಗೆ ಹೊಳಪು ಕೊಡುವ ಚಾಳಿ ಇದೆ. ಆ ಕಾಲವನ್ನು ಇದ್ದ ಹಾಗೆ ನೋಡಿದರೆ ಬೇರೆಯದೂ ಕಾಣುತ್ತದೆ. ಆ ಬಿಳಿ ಪೇಸ್ಟಿನಲ್ಲಿ ಸೀಸವಿರುತ್ತಿತ್ತು, ಅದನ್ನು ಬರಿಗೈಯಲ್ಲಿ ಸವರಿ ಅದೇ ಕೈಯಲ್ಲಿ ಬುತ್ತಿ ಉಣ್ಣುತ್ತಿದ್ದ ಫಿಟ್ಟರಿಗೆ ಅದು ವಿಷವೆಂದು ಹೇಳಿದವರಿಲ್ಲ. ಕೀಲಿ ಒಬ್ಬನ ಕೈಯಲ್ಲಿದ್ದಾಗ ಸುತ್ತುಗಳ ಲೆಕ್ಕವೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ಊರ ನಡುವಿನ ಬೀದಿಗೆ ಬಂದ ಒತ್ತಡ ಊರಾಚೆಯ ಕೇರಿಗೆ ಹೋಗುವ ಹೊತ್ತಿಗೆ ಸಣ್ಣ ಎಳೆಯಾಗುತ್ತಿತ್ತು, ಮತ್ತು ಅದಕ್ಕೆ ಪೈಪಿನ ಉದ್ದವೊಂದೇ ಕಾರಣವಾಗಿರಲಿಲ್ಲ. ಬಾವಿಯ ಕಾಲದ ಜಾತಿಯ ಸಾಲು ನಲ್ಲಿಯ ಕಾಲಕ್ಕೂ ಬಂದಿತ್ತು. ಆದ್ದರಿಂದ ಆ ಕೀಲಿಯ ಕಾಲವೇ ಚೆನ್ನಾಗಿತ್ತೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದನ್ನು ಮಾತ್ರ ಒಪ್ಪುತ್ತದೆ: ಅಂದು ನೀರನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಒಂದು ಜಾಗವಿತ್ತು, ಆ ಜಾಗ ಗೊತ್ತಿದ್ದ ಒಬ್ಬ ಮನುಷ್ಯನಿದ್ದ.

ನಾವು ಕಳೆದುಕೊಂಡದ್ದು ಆ ಜಾಗವನ್ನು. ಬೀದಿ ನಲ್ಲಿ ಮನೆಯ ಅಂಗಳಕ್ಕೆ ಬಂತು, ಅಂಗಳದಿಂದ ಅಡುಗೆಮನೆಗೆ, ಬಚ್ಚಲಿಗೆ. ತಾರಸಿಯ ಮೇಲೆ ಕರಿ ಟ್ಯಾಂಕ್ ಕೂತಿತು, ಕೆಳಗೆ ಸಂಪು, ನಡುವೆ ಮೋಟರು. ಹಳ್ಳಿಗಳಲ್ಲಿ ಬೋರ್‌ವೆಲ್ಲಿನಿಂದ ತೊಂಬೆ, ತೊಂಬೆಯಿಂದ ಮನೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕದಲ್ಲಿ ಹಳ್ಳಿಮನೆಯ ಬಾಗಿಲಿಗೂ ಪೈಪ್ ತಂದಿತು. ಇದು ಸಣ್ಣ ಸಾಧನೆಯಲ್ಲ. ಕೊಡ ಹೊತ್ತು ಸೊಂಟ ಸವೆಸಿದ ಹೆಂಗಸರ ಎರಡು ಮೂರು ತಲೆಮಾರಿನ ಬೇನೆ ಇದರಿಂದ ಕಡಿಮೆಯಾಗಿದೆ. ಆದರೆ ಪೈಪ್ ಮನೆಯೊಳಗೆ ಬಂದಷ್ಟು ಬೇಗ ವಾಲ್ವ್ ಬರಲಿಲ್ಲ. ಮೂರು ಬಚ್ಚಲಿನ ಮನೆಗೆ ಟ್ಯಾಂಕಿನ ಬುಡದಲ್ಲಿ ಒಂದೇ ವಾಲ್ವ್, ಎಷ್ಟೋ ಕಡೆ ಅದೂ ಇಲ್ಲ. ಇದ್ದರೂ ಹತ್ತು ವರ್ಷ ಯಾರೂ ತಿರುಗಿಸದೆ ಸುಣ್ಣ ಕಟ್ಟಿ ಜಾಮ್ ಆಗಿರುತ್ತದೆ. ಆಗ ಒಂದು ನಲ್ಲಿ ಬದಲಿಸಲು ಇಡೀ ಟ್ಯಾಂಕ್ ಮೋರಿಗೆ ಹರಿಯಬೇಕು. ಸಾವಿರ ಲೀಟರಿನ ಟ್ಯಾಂಕ್ ಎಂದರೆ, ಸರ್ಕಾರವೇ ಹಾಕಿದ 55 ಲೀಟರಿನ ಲೆಕ್ಕದಲ್ಲಿ, ಹದಿನೆಂಟು ಜನರ ಒಂದು ದಿನದ ನೀರು. ಐಸಿನ ಬಿರಡೆಯ ಯಂತ್ರ ನಮಗೆ ಅರ್ಥವಾಗಬೇಕಾದದ್ದು ಈ ಹಿನ್ನೆಲೆಯಲ್ಲಿ. ಅದು ಇಲ್ಲದ ವಾಲ್ವಿನ ಜಾಗದಲ್ಲಿ ಒಂದು ಗಂಟೆ ನಿಲ್ಲುವ ತಾತ್ಕಾಲಿಕ ವಾಲ್ವ್. ನನ್ನ ವಾದ ಇಷ್ಟು: ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಿಗೆ ಇಂಥ ಯಂತ್ರ ಬೇಕು, ಆದರೆ ಬೆರಳೆಣಿಕೆಯಷ್ಟು ಸಾಕು, ಮತ್ತು ಅದನ್ನು ಹಚ್ಚಿದ ಪ್ರತಿಯೊಂದು ಕಡೆಯೂ ಒಂದು ಕಾಯಂ ವಾಲ್ವ್ ಕೂರಿಸಿಯೇ ಬರಬೇಕು. ಅದೇ ಜಾಗದಲ್ಲಿ ಎರಡನೆಯ ಸಲ ಐಸ್ ಕಟ್ಟಬೇಕಾಗಿ ಬಂದರೆ ಮೊದಲನೆಯ ಸಲದ ಕೆಲಸ ಅರ್ಧವಾಗಿತ್ತೆಂದೇ ಅರ್ಥ.

ಯಂತ್ರದ ಆಯ್ಕೆಯಲ್ಲಿ ಮೊದಲು ನೋಡಬೇಕಾದ್ದು ಯಂತ್ರವನ್ನಲ್ಲ, ಪೈಪನ್ನು. ತಾಮ್ರದ ಮೂಲಕ ಶಾಖ ಹಾಯುವ ವೇಗವನ್ನು 400 ಎಂದಿಟ್ಟುಕೊಂಡರೆ ಕಬ್ಬಿಣದ ಪೈಪಿನದು 50ರ ಆಸುಪಾಸು, ಪಿವಿಸಿಯದು ಒಂದರ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಹಿಡಿಯಲ್ಲಿ ಎಷ್ಟೇ ಚಳಿ ಇದ್ದರೂ ಪ್ಲಾಸ್ಟಿಕ್ ಗೋಡೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಗಂಟೆಗಟ್ಟಲೆ ಕಾಯಬೇಕು. ಅದಕ್ಕಿಂತ ಕೆಟ್ಟದ್ದೆಂದರೆ ಪಿವಿಸಿ, ಸಿಪಿವಿಸಿ ಎರಡೂ ಚಳಿಗೆ ಪೆಡಸಾಗುತ್ತವೆ; ಆ ಸ್ಥಿತಿಯಲ್ಲಿ ಹ್ಯಾಕ್ಸಾ ಆಡಿಸಿದರೆ, ಪಾನಾ ತಗುಲಿದರೆ ಸೀಳು ಬಿಡುವ ಅಪಾಯವಿದೆ. ಈಚಿನ ಇಪ್ಪತ್ತು ವರ್ಷದಲ್ಲಿ ನಮ್ಮ ಕಡೆ ಕಟ್ಟಿದ ಮನೆಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಪೈಪಿನವೇ. ಹಾಗಾಗಿ ‘ಎಲ್ಲ ಪೈಪಿಗೂ ಆಗುತ್ತದೆ’ ಎಂದು ಮಾರುವವರ ಮಾತನ್ನು ನಂಬಿ ಸಾಲ ಮಾಡಿ ಕೊಳ್ಳುವ ಯುವಕ ಫಿಟ್ಟರಿಗೆ ನಷ್ಟ ಖಂಡಿತ. ಯಂತ್ರಕ್ಕೆ ಕೆಲಸವಿರುವುದು ಜಿಐ ಪೈಪ್ ಇನ್ನೂ ಉಳಿದಿರುವ ಕಡೆ: ಹಳೆಯ ಆಸ್ಪತ್ರೆ ಕಟ್ಟಡ, ಹಾಸ್ಟೆಲ್ಲು, ಕಲ್ಯಾಣಮಂಟಪ, ಛತ್ರ, ಲಾಡ್ಜು. ಮಲೆ ಮಹದೇಶ್ವರ ಬೆಟ್ಟವನ್ನೇ ತೆಗೆದುಕೊಳ್ಳಿ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗೆ ನಡೆದೂ ಬಸ್ಸಿನಲ್ಲೂ ಬರುವ ಜನ ಬೆಟ್ಟದ ಮೇಲೆ ತುಂಬಿಕೊಂಡಿರುವಾಗ, ಅಷ್ಟು ಎತ್ತರಕ್ಕೆ ಏರಿಸಿದ ನೀರನ್ನು ಒಂದು ಸೋರುವ ನಲ್ಲಿಗಾಗಿ ಮೋರಿಗೆ ಬಿಡುವುದು ತಪ್ಪು. ಅಂಥ ಕಡೆ ಕಬ್ಬಿಣದ ಲೈನಿದ್ದರೆ ಅರ್ಧ ಗಂಟೆಯ ಐಸ್ ನೂರಾರು ಜನರ ನೀರನ್ನು ಉಳಿಸುತ್ತದೆ.

ಎರಡನೆಯದು ನಮ್ಮ ಬಿಸಿಲು. ತಯಾರಕರು ಹೇಳುವ ಸಮಯ, ಅರ್ಧ ಇಂಚಿನ ಪೈಪಿಗೆ ಹತ್ತು ನಿಮಿಷ ಇತ್ಯಾದಿ, ತಣ್ಣನೆಯ ದೇಶದ ತಣ್ಣನೆಯ ನೀರಿನ ಲೆಕ್ಕ. ಒಂದು ಕಿಲೋ ನೀರನ್ನು 10 ಡಿಗ್ರಿಯಿಂದ ಐಸ್ ಮಾಡಲು ಸುಮಾರು 376 ಕಿಲೋಜೂಲ್ ಶಾಖ ತೆಗೆಯಬೇಕು. 30 ಡಿಗ್ರಿಯ ನೀರಾದರೆ 460. ಕೊಳ್ಳೇಗಾಲದ ಏಪ್ರಿಲ್ ಮಧ್ಯಾಹ್ನ ತಾರಸಿಯ ಕರಿ ಟ್ಯಾಂಕಿನ ನೀರಿನಲ್ಲಿ ಕೈ ಅದ್ದಿದವರಿಗೆ 30 ಡಿಗ್ರಿ ಎಂಬುದು ಕಡಿಮೆಯ ಅಂದಾಜೆಂದು ಗೊತ್ತು. ಅದರ ಮೇಲೆ, ನೆಟ್ಟಗೆ ನಿಂತ ಪೈಪಿನಲ್ಲಿ ಕೆಳಗಿನ ಬೆಚ್ಚನೆಯ ನೀರು ಮತ್ತು ಹಿಡಿಯ ಹತ್ತಿರದ ತಣ್ಣನೆಯ ನೀರು ಜಾಗ ಬದಲಿಸಿಕೊಳ್ಳುತ್ತಲೇ ಇರುತ್ತವೆ, ಕಟ್ಟಿದ ಐಸನ್ನು ತಿನ್ನುತ್ತಲೇ ಇರುತ್ತವೆ. ಹನೂರು ಕಡೆಯ ಬೋರ್‌ವೆಲ್ಲಿನ ಗಡಸು ನೀರು ಹರಿದ ಹಳೆಯ ಪೈಪಾದರೆ ಒಳಗೆ ಸುಣ್ಣದ ಪದರ ಬೇರೆ, ಅದು ಕಂಬಳಿ ಹೊದಿಸಿದ ಹಾಗೆ ಚಳಿಯನ್ನು ತಡೆಯುತ್ತದೆ. ಆದ್ದರಿಂದ ಕ್ಯಾಟಲಾಗಿನಲ್ಲಿ ‘ಎರಡು ಇಂಚಿನವರೆಗೆ’ ಎಂದಿರುವ ಯಂತ್ರವನ್ನು ಇಲ್ಲಿ ಒಂದು, ಒಂದೂಕಾಲು ಇಂಚಿನವರೆಗೆ ಎಂದು ಓದಿಕೊಳ್ಳುವುದು ಕ್ಷೇಮ, ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಇನ್ನೂ ಕ್ಷೇಮ. ರೇಷ್ಮೆ ಬಿಚ್ಚುವ ಕಡೆಗಳಲ್ಲಿ, ಕೊಳ್ಳೇಗಾಲದಲ್ಲಾಗಲಿ ಮಾಂಬಳ್ಳಿಯಲ್ಲಾಗಲಿ, ಬಿಸಿನೀರಿನ ಲೈನು ಪೂರ್ತಿ ಆರುವವರೆಗೆ ಈ ಯಂತ್ರವನ್ನು ಹತ್ತಿರ ತರಬಾರದು.

ಮೂರನೆಯದು ಕರೆಂಟು. ಯಂತ್ರ ತಿನ್ನುವುದು ಹೆಚ್ಚೇನಲ್ಲ, ಸುಮಾರು ಅರ್ಧ ಕಿಲೋವಾಟ್. ಆದರೆ ಅದರ ಹೊಟ್ಟೆಯಲ್ಲಿರುವುದು ಫ್ರಿಜ್ಜಿನಂಥದೇ ಕಂಪ್ರೆಸರ್, ಮತ್ತು ಕಂಪ್ರೆಸರಿಗೆ ವೋಲ್ಟೇಜ್ ಬೀಳುವುದಕ್ಕಿಂತ ದೊಡ್ಡ ಶತ್ರುವಿಲ್ಲ. ಹಳ್ಳಿಯ ಲೈನಿನ ಕೊನೆಯ ಕಂಬದ ಮನೆಯಲ್ಲಿ ಸಂಜೆ ಬಲ್ಬು ಕೆಂಪಗೆ ಉರಿಯುವಾಗ ಇದನ್ನು ಚಾಲೂ ಮಾಡಿದರೆ ವೈಂಡಿಂಗ್ ಸುಡುತ್ತದೆ. ಕರೆಂಟ್ ಹೋಗಿ ಕೂಡಲೇ ಬಂದರೂ ಐದು ನಿಮಿಷ ಬಿಟ್ಟೇ ಮತ್ತೆ ಹಾಕಬೇಕು. ಒಳಗಿನ ಒತ್ತಡ ಸಮವಾಗದೆ ಎಳೆದರೆ ಮೋಟರ್ ತಿರುಗದೆ ಬಿಸಿಯಾಗುತ್ತದೆ. ಕೆಲಸದ ನಡುವೆ ಕರೆಂಟ್ ಹೋದರೆ ಬಿರಡೆ ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರೂ ಗ್ಯಾರಂಟಿ ಕೊಡಲಾರರು. ಆದ್ದರಿಂದ ಪೈಪ್ ಕೊಯ್ಯುವ ಮುಂಚೆಯೇ ಕೂರಿಸಬೇಕಾದ ವಾಲ್ವ್, ಯೂನಿಯನ್, ನಿಪ್ಪಲ್ ಎಲ್ಲ ಕೈಗೆಟಕುವಂತೆ ಸಾಲಾಗಿ ಇಟ್ಟುಕೊಂಡಿರಬೇಕು. ಸ್ಟೆಬಿಲೈಸರ್ ಇಲ್ಲದೆ ಹನೂರಿನಾಚೆಗೆ ಈ ಯಂತ್ರವನ್ನು ಒಯ್ಯಕೂಡದು. ಬೇರೆ ದೇಶದಿಂದ ಬಂದ ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಅದರ ಪಟ್ಟಿಯ ಮೇಲೆ 230 ವೋಲ್ಟ್, 50 ಹರ್ಟ್ಸ್ ಎಂದು ಬರೆದಿದೆಯೇ ನೋಡಬೇಕು. ಅಮೆರಿಕದ ಮನೆಗಳಿಗೆ ಮಾಡಿದ 120 ವೋಲ್ಟಿನದು ಇಲ್ಲಿ ಮೊದಲ ಸ್ವಿಚ್ಚಿಗೇ ಸುಟ್ಟುಹೋಗುತ್ತದೆ.

ಒಳಗಿನ ಗ್ಯಾಸ್ ಯಾವುದೆಂಬುದನ್ನೂ ಕೇಳಬೇಕು. ಹಳೆಯ ಯಂತ್ರಗಳಲ್ಲಿ ಆರ್-134ಎ ತರಹದವು ಇರುತ್ತವೆ. ಅದು ಭೂಮಿಯ ಬಿಸಿ ಹೆಚ್ಚಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು, 2016ರ ಕಿಗಾಲಿ ಒಪ್ಪಂದದ ಮೇಲೆ ಜಗತ್ತೆಲ್ಲ ಇಂಥವನ್ನು ಕಡಿಮೆ ಮಾಡುತ್ತ ಹೋಗುತ್ತಿದೆ. ಹೊಸದರಲ್ಲಿ ಆರ್-290, ಅಂದರೆ ಶುದ್ಧ ಪ್ರೊಪೇನ್. ಆಯ್ಕೆಗೆ ಇದೇ ಮೇಲು. ಆದರೆ ಇದು ಉರಿಯುವ ಗ್ಯಾಸ್. ಸೋರಿದೆಯೆಂದು ಅನುಮಾನ ಬಂದರೆ ಬೀಡಿ ಹಚ್ಚಬಾರದು, ಫ್ರಿಜ್ ರಿಪೇರಿಯವರು ಅಭ್ಯಾಸಬಲದಿಂದ ಬೆಸುಗೆಯ ಉರಿ ಹಿಡಿಯಬಾರದು. ಯಾವ ಕಂಪನಿಯದಾದರೂ ಸರಿ, ಅದರ ಮೆದುಕೊಳವೆ, ಹಿಡಿ, ಗ್ಯಾಸ್‌ಕೆಟ್ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೊಯಮತ್ತೂರಿನಲ್ಲೋ ಸಿಗುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯದಾಗಿತ್ತು. ಕೊಯಮತ್ತೂರಿನ ಪಂಪುಗಳು ಇಂದಿಗೂ ನಮ್ಮ ತೋಟಗಳಲ್ಲಿ ಓಡುತ್ತಿವೆ. ಅವುಗಳ ಬಿಡಿಭಾಗ ಹಳ್ಳಿಯ ಮೆಕ್ಯಾನಿಕ್ಕಿಗೂ ಸಿಗುತ್ತದೆ, ಅದಕ್ಕೇ ಅವು ಓಡುತ್ತಿವೆ.

ಇನ್ನು ಬಳಸುವ ಕೈ. ಹಿಡಿ ಕೂರುವ ಜಾಗದ ಬಣ್ಣ, ತುಕ್ಕು, ಸಿಮೆಂಟನ್ನು ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಹಿಡಿಗೂ ಪೈಪಿಗೂ ನಡುವೆ ಗಾಳಿ ಉಳಿಯದಂತೆ ಜೆಲ್ ತುಂಬಬೇಕು, ಇಲ್ಲವೇ ನೀರು ಚಿಮುಕಿಸುತ್ತಿರಬೇಕು. ಪೈಪಿನ ನೀರು ಅಲ್ಲಾಡದೆ ನಿಂತಿರಬೇಕು. ಎಲ್ಲೋ ಒಂದು ಫ್ಲಶ್ ಟ್ಯಾಂಕ್ ಸೋರುತ್ತಿದ್ದರೂ ಐಸ್ ಕಟ್ಟುವುದಿಲ್ಲ, ಯಂತ್ರ ಕೆಟ್ಟಿದೆಯೆಂದು ಬಯ್ದು ಪ್ರಯೋಜನವಿಲ್ಲ. ನೀರು ಐಸಾಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಮುಚ್ಚಿದ ವಾಲ್ವಿಗೋ ಎಂಡ್‌ಕ್ಯಾಪಿಗೋ ತೀರ ಹತ್ತಿರ ಹಿಡಿ ಹಾಕಿದರೆ ನಡುವೆ ಸಿಕ್ಕಿಬಿದ್ದ ನೀರು ಪೈಪನ್ನೇ ಸೀಳುತ್ತದೆ. ಬಿರಡೆ ಕೂತಿತೆಂದು ಹೊರಗಿನ ಬೆಳ್ಳನೆಯ ಪುಡಿ ನೋಡಿ ನಂಬಬಾರದು. ಆಚೆಯ ನಲ್ಲಿ ಬಿಟ್ಟು, ಉಳಿದ ನೀರು ಇಳಿದು ಹನಿಯೂ ನಿಂತ ಮೇಲೆ ನಂಬಬೇಕು. ಕೆಲಸವಾದ ಮೇಲೆ ಹಿಡಿಯನ್ನು ಸುತ್ತಿಗೆಯಲ್ಲಿ ತಟ್ಟಿ ಕೀಳುವವರಿದ್ದಾರೆ. ಅದು ತಾನೇ ಬಿಡುವವರೆಗೆ ಕಾಯುವುದೇ ಅದರ ಆಯಸ್ಸು. ಬಳಸಿದ ದಿನವೇ ಜೆಲ್ ಒರೆಸಬೇಕು, ಕೊಳವೆಯನ್ನು ಅಗಲ ಸುರುಳಿಯಾಗಿ ಸುತ್ತಬೇಕು, ಮಡಿಚಿದರೆ ಒಳಗೆ ಬಿರುಕು. ಗಾಳಿ ಹೋಗುವ ಜಾಲರಿಯ ಧೂಳನ್ನು ಬ್ರಷ್ಷಿನಲ್ಲಿ ತೆಗೆಯಬೇಕು. ಸ್ಕೂಟರಿನ ಮೇಲೆ ಅಡ್ಡ ಮಲಗಿಸಿ ತಂದಿದ್ದರೆ ಒಳಗಿನ ಎಣ್ಣೆ ತನ್ನ ಜಾಗಕ್ಕೆ ಇಳಿಯುವವರೆಗೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್ ಹಾಕಬೇಕು. ಹಳೆಯ ಫಿಟ್ಟರ್ ತನ್ನ ಡೈಯನ್ನು ಸಂಜೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಶ್ರದ್ಧೆಯೇ ಇದಕ್ಕೂ ಬೇಕು.

ನನ್ನ ಈ ವಾದಕ್ಕೆ ಬರುವ ಆಕ್ಷೇಪಗಳು ಸುಳ್ಳಲ್ಲ. ಇಷ್ಟು ದುಬಾರಿಯ ಯಂತ್ರವನ್ನು ದಿನಗೂಲಿಯ ಫಿಟ್ಟರ್ ಹೇಗೆ ಕೊಂಡಾನು ಎಂಬುದು ಒಂದು. ಕೊಳ್ಳಬಾರದೆಂದೇ ನನ್ನ ಮಾತು. ಕಾಂಕ್ರೀಟ್ ಮಿಕ್ಸರ್, ವೈಬ್ರೇಟರ್ ಬಾಡಿಗೆಗೆ ಸಿಗುವ ಅಂಗಡಿಯಲ್ಲಿಯೇ ಇದೂ ಒಂದು ಇದ್ದರೆ ಸಾಕು. ಕೊಳ್ಳೇಗಾಲದಲ್ಲಿ ಎರಡು, ಹನೂರಿನಲ್ಲೊಂದು, ಯಳಂದೂರಿನಲ್ಲೊಂದು. ಅಂಗಡಿಯವರು ಇಡದಿದ್ದರೆ ನಗರಸಭೆ, ಪಟ್ಟಣ ಪಂಚಾಯ್ತಿಗಳು ಇಡಬಹುದು, ಇಡಬೇಕು. ವಾಲ್ವೇ ಅಗ್ಗವಲ್ಲವೇ ಎಂಬುದು ಇನ್ನೊಂದು, ಎಲ್ಲಕ್ಕಿಂತ ಗಟ್ಟಿಯಾದದ್ದು. ಹೌದು, ಅಗ್ಗ. ಆದರೆ ನೀರು ತುಂಬಿ ನಿಂತ ಲೈನಿನಲ್ಲಿ ವಾಲ್ವ್ ಕೂರಿಸಲು ಮೊದಲು ನೀರು ನಿಲ್ಲಬೇಕು, ನಿಲ್ಲಿಸಲು ವಾಲ್ವಿಲ್ಲ. ಆ ಗಂಟನ್ನು ಬಿಡಿಸುವುದೇ ಐಸ್. ಹೊಸ ಮನೆಗೆ ಈ ವಾದ ಅನ್ವಯಿಸುವುದಿಲ್ಲ; ಹೊಸ ಮನೆಗೆ ಯಂತ್ರವೇ ಬೇಡ. ಹಳೆಯ ಪೈಪನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹಾಕಿದರಾಯಿತಲ್ಲ ಎನ್ನುವವರಿಗೆ ನನ್ನ ಉತ್ತರ ಅರೆಮನಸ್ಸಿನದು. ತುಕ್ಕು ತಿಂದು ತೂತಾದ ಪೈಪಿಗೆ ಅದೇ ಸರಿ. ಐಸಿನ ಹಿಗ್ಗನ್ನು ತಾಳದ ಪೈಪಿಗೆ ಹಿಡಿ ಹಾಕುವುದು ಮೂರ್ಖತನ. ಗೋಡೆಯೊಳಗೆ ಗಟ್ಟಿಯಾಗಿರುವ ಲೈನನ್ನು ಒಂದು ನಲ್ಲಿಗಾಗಿ ಒಡೆಯುವುದು ಮಾತ್ರ ದುಂದು.

ಬೇಸಾಯದ ನೀರುಗಂಟಿಗೆ ತೂಬಿತ್ತು, ಬೀದಿಯ ನೀರುಗಂಟಿಗೆ ಕೀಲಿಯಿತ್ತು. ಮನೆಯೊಳಗಿನ ನೀರಿಗೆ ಈಗ ಮನೆಯವರೇ ನೀರುಗಂಟಿಗಳು. ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ: ಗೋಡೆಗೆ ಗಾರೆ ಬೀಳುವ ಮುಂಚೆ ಟ್ಯಾಂಕಿನ ಬುಡಕ್ಕೊಂದು, ಪ್ರತಿ ಬಚ್ಚಲಿಗೊಂದು, ಅಡುಗೆಮನೆಗೊಂದು ವಾಲ್ವ್ ಹಾಕಿಸಿ, ಅದು ಎಲ್ಲಿದೆಯೆಂದು ಮನೆಯ ಎಲ್ಲರಿಗೂ ತೋರಿಸಿ, ಮೂರು ತಿಂಗಳಿಗೊಮ್ಮೆ ಅದನ್ನು ಪೂರ್ತಿ ಮುಚ್ಚಿ ಪೂರ್ತಿ ತೆರೆಯಿರಿ.